ನರ್ಸ್, ಆಶಾ, ಪೊಲೀಸ್, ಶಿಕ್ಷಕಿ: ಮನಸ್ಸು ಸೋತಾಗ ಕೊಡಗಿನಲ್ಲಿ ಯಾವ ದಾರಿ ಹಿಡಿಯಬೇಕು?

ವಾರ್ಡಿನ ನರ್ಸ್, ಬುಡಕಟ್ಟು ಜನರ ಹಾಡಿಗೆ ಹೋಗಿ ಬರುವ ಆಶಾ ಕಾರ್ಯಕರ್ತೆ, 108ರ ಸಿಬ್ಬಂದಿ, ಠಾಣೆಯ ಪೇದೆ, ತೋಟಕ್ಕೆ ನುಗ್ಗಿದ ಆನೆ ಓಡಿಸುವ ಅರಣ್ಯ ಸಿಬ್ಬಂದಿ, ವಸತಿ ಶಾಲೆಯ ಶಿಕ್ಷಕಿ. ಇವರೆಲ್ಲ ದಿನವೂ ಬೇರೆಯವರ ಸಂಕಟದ ಎದುರು ನಿಲ್ಲಬೇಕು, ತಮ್ಮ ಮುಖದಲ್ಲಿ ಏನನ್ನೂ ತೋರಿಸುವಂತಿಲ್ಲ. ಇಂಥವರಿಗೆ ಸಿಗುವ ಸಲಹೆ ಬಹುಪಾಲು ಬೆಂಗಳೂರಿನಲ್ಲಿ ಕೂತು ಬರೆದದ್ದು: ವಾರಕ್ಕೊಮ್ಮೆ ಥೆರಪಿಸ್ಟ್ ಹತ್ತಿರ ಹೋಗಿ, ಜಿಮ್‌ಗೆ ಸೇರಿ, ಆ್ಯಪ್ ಹಾಕಿಕೊಳ್ಳಿ. ಕೊಡಗಿನ ಲೆಕ್ಕ ಬೇರೆ. ಇಲ್ಲಿ ರೈಲಿಲ್ಲ. ಜುಲೈ ಮಳೆಯಲ್ಲಿ ಕರೆಂಟೂ ಸಿಗ್ನಲ್ಲೂ ಒಟ್ಟಿಗೇ ಹೋಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮಡಿಕೇರಿಯಲ್ಲಿ ಮನೋವೈದ್ಯರ ಕೊಠಡಿ ಮುಂದೆ ಬೆಳಿಗ್ಗೆ ಕೂತರೆ, ಗೋಣಿಕೊಪ್ಪದ ಅತ್ತೆ ಸಂಜೆ ಫೋನ್ ಮಾಡಿ ‘ಏನಾಯ್ತು?’ ಅನ್ನುತ್ತಾರೆ. ಹಾಗಾಗಿ ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಯ ಜೊತೆಗೇ ದೂರ ಎಷ್ಟು, ಗುಟ್ಟು ಉಳಿಯುತ್ತದೆಯೇ ಅನ್ನುವುದನ್ನೂ ತೂಗಬೇಕು.

ಮೊದಲು, ಇದು ಯಾವ ದಣಿವು?

ದಾರಿ ಆರಿಸುವ ಮೊದಲು ಇದನ್ನು ಬಿಡಿಸಿಕೊಳ್ಳದಿದ್ದರೆ ದುಡ್ಡೂ ರಜೆಯೂ ದಂಡ.

ಒಂದು, ಕೆಲಸ ತಂದ ಬಳಲಿಕೆ, ಅಂದರೆ ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಕಾಯಿಲೆ ಎಂದು ಸೇರಿಸಿಲ್ಲ, ಉದ್ಯೋಗಕ್ಕೆ ಅಂಟಿಕೊಂಡ ಸ್ಥಿತಿ ಎಂದು ಗುರುತಿಸಿದೆ. ಲಕ್ಷಣ ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ ಬಂದು ಎದುರಿನವರ ನೋವು ತಟ್ಟದಂತಾಗುವುದು, ‘ನನ್ನಿಂದ ಏನೂ ಆಗುತ್ತಿಲ್ಲ’ ಅನಿಸುವುದು. ಪರೀಕ್ಷೆ ಸುಲಭ. ಪುತ್ತರಿ ಹಬ್ಬಕ್ಕೆ ನಾಲ್ಕೈದು ದಿನ ರಜೆ ಸಿಕ್ಕಾಗ ಮನಸ್ಸು ಹಗುರಾಗಿ, ಡ್ಯೂಟಿಯ ಹಿಂದಿನ ಸಂಜೆಯಿಂದ ಮತ್ತೆ ಭಾರವಾದರೆ ಗಂಟು ಕೆಲಸದಲ್ಲಿದೆ.

ಎರಡು, ಒಂದೇ ಘಟನೆ ಕಾಡುವುದು. ಆನೆ ತುಳಿದ ದೇಹ, ಕೈಯಲ್ಲೇ ತೀರಿಕೊಂಡ ಮಗು, ಮಣ್ಣಿನಡಿಯಿಂದ ತೆಗೆದ ಹೆಣ. ಆ ದೃಶ್ಯ ಕಣ್ಣಮುಂದೆ ಬರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಆ ರಸ್ತೆಯಲ್ಲಿ ಹೋಗಲು ಹಿಂಜರಿಯುವುದು ಮೊದಲ ಕೆಲವು ವಾರ ಹಲವರಿಗೆ ಆಗುತ್ತದೆ, ಬಹುಪಾಲು ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಇಳಿಯದಿದ್ದರೆ ತಜ್ಞರಿಗೆ ತೋರಿಸಬೇಕು.

ಮೂರು, ಖಿನ್ನತೆ. ಇದು ಡ್ಯೂಟಿ ಮುಗಿದ ಮೇಲೂ ಬಿಡುವುದಿಲ್ಲ. ರಜೆಯಲ್ಲೂ, ಮದುವೆ ಮನೆಯಲ್ಲೂ ಹಿಂದೆಯೇ ಇರುತ್ತದೆ.

ಇದನ್ನು ಅಳೆಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕನ್ನಡದಲ್ಲೂ ಸಿಗುತ್ತದೆ. ಕಳೆದ ಎರಡು ವಾರ ನೆನೆದು ಪ್ರತಿ ಪ್ರಶ್ನೆಗೂ 0ಯಿಂದ 3ರವರೆಗೆ ಅಂಕ ಹಾಕಬೇಕು. ಒಟ್ಟು 27. 5ರಿಂದ 9 ಸೌಮ್ಯ, 10 ಮುಟ್ಟಿದರೆ ವೈದ್ಯರನ್ನು ನೋಡಬೇಕು, 15 ಮುಟ್ಟಿದರೆ ತಡ ಮಾಡಬಾರದು. ನೈಟ್ ಶಿಫ್ಟ್ ಮಾಡುವವರು ಇಲ್ಲಿ ಒಂದು ಕಡೆ ಎಡವುತ್ತಾರೆ. ನಿದ್ರೆ, ಸುಸ್ತು, ಹಸಿವು ಈ ಮೂರು ಪ್ರಶ್ನೆಗೆ ಬರೀ ಶಿಫ್ಟಿನ ಕಾರಣಕ್ಕೇ ಆರೇಳು ಅಂಕ ಬಂದುಬಿಡಬಹುದು. ಆದ್ದರಿಂದ ಮೊದಲ ಎರಡು ಪ್ರಶ್ನೆಯನ್ನು ಬೇರೆಯಾಗಿ ನೋಡಿ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು. ಅವೆರಡೂ ಸೇರಿ 3 ಅಂಕ ಮುಟ್ಟಿದ್ದರೆ ಶಿಫ್ಟಿನ ಮೇಲೆ ತಪ್ಪು ಹಾಕಿ ಸುಮ್ಮನಾಗಬೇಡಿ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ 0 ಬಿಟ್ಟು ಬೇರೆ ಏನೇ ಬರೆದಿದ್ದರೂ ಒಟ್ಟು ಅಂಕ ನೋಡುತ್ತಾ ಕೂರಬೇಡಿ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆ ರಾತ್ರಿ ಒಬ್ಬರೇ ಇರಬೇಡಿ. ಕೊಡಗಿನ ಮನೆಗಳಲ್ಲಿ ಕೋವಿ ಇರುವುದು ಸಾಮಾನ್ಯ, ತೋಟದ ಶೆಡ್ಡಿನಲ್ಲಿ ಕೀಟನಾಶಕವಂತೂ ಇದ್ದೇ ಇರುತ್ತದೆ. ಮನೆಯ ಇನ್ನೊಬ್ಬರು ಕೋವಿಗೆ ಬೀಗ ಹಾಕಿ, ತೋಟಾಗಳನ್ನು ಬೇರೆ ಕಡೆ ಇಟ್ಟು, ಕೀ ತಮ್ಮ ಹತ್ತಿರವೇ ಇಟ್ಟುಕೊಳ್ಳಬೇಕು. ಕೀಟನಾಶಕದ ಡಬ್ಬಗಳಿಗೂ ಅದೇ ವ್ಯವಸ್ಥೆ ಆಗಬೇಕು. ಇಂಥ ಯೋಚನೆಯ ತೀವ್ರತೆ ಅಲೆಯಂತೆ ಬಂದು ಇಳಿಯುತ್ತದೆ. ಅಪಾಯದ ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ಮಾತು: ದಿನವಿಡೀ ಸುಸ್ತು ಅನ್ನುವವರು, ಮುಖ್ಯವಾಗಿ ಹೆಂಗಸರು, ಒಮ್ಮೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ಮಾಡಿಸಲಿ. ರಕ್ತಹೀನತೆಗೆ ಕೌನ್ಸೆಲಿಂಗ್ ಮದ್ದಲ್ಲ.

ಫೋನ್: ಟೆಲಿ-ಮಾನಸ್ 14416

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಭಾಷೆ ಆರಿಸಿದ ಮೇಲೆ ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ, ಅಗತ್ಯ ಕಂಡರೆ ತಜ್ಞರಿಗೆ ದಾಟಿಸುತ್ತಾರೆ.

ಗುಟ್ಟಿನ ವಿಷಯದಲ್ಲಿ ಕೊಡಗಿನವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಪಾಳಿ ಮುಗಿಸಿ ಬಂದು, ರಾತ್ರಿ ಎರಡು ಗಂಟೆಗೆ ನಿದ್ರೆ ಹತ್ತದೆ ಹೊರಳಾಡುವಾಗಲೂ ತೆರೆದಿರುವ ಬಾಗಿಲು ಇದು. ಕೊರತೆಯೂ ಇದೆ. ಪ್ರತಿ ಸಲ ಹೊಸಬರು ಸಿಗಬಹುದು, ಕಥೆ ಮೊದಲಿಂದ ಹೇಳಬೇಕಾಗಬಹುದು. ತಿಂಗಳುಗಟ್ಟಲೆ ಮಾಡುವ ಥೆರಪಿಯ ಜಾಗದಲ್ಲಿ ಇದನ್ನು ನಿಲ್ಲಿಸಲಾಗದು.

ಕರೆ ವ್ಯರ್ಥವಾಗುವುದು ಸಾಮಾನ್ಯವಾಗಿ ಶುರುವಿನಲ್ಲೇ. ‘ಯಾಕೋ ಬೇಜಾರು’ ಅಂದರೆ ಮೊದಲ ಹತ್ತು ನಿಮಿಷ ಅವರ ಪ್ರಶ್ನೆಗಳಲ್ಲೇ ಕಳೆಯುತ್ತದೆ. ಕೆಲಸ, ಎಷ್ಟು ದಿನದಿಂದ, ಏನು ಬೇಕು ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಕರೆ ಮಾಡಿ. ಉದಾಹರಣೆಗೆ: ‘ನಾನು ಹೆರಿಗೆ ವಾರ್ಡಲ್ಲಿ ನರ್ಸು. ಮೂರು ವಾರದ ಹಿಂದೆ ಒಂದು ಮಗು ಹೋಯ್ತು, ಅವತ್ತಿಂದ ಸರಿಯಾಗಿ ನಿದ್ರೆ ಇಲ್ಲ. ಡ್ಯೂಟಿಗೆ ಹೊರಡೋವಾಗ ಎದೆ ಹೊಡ್ಕೊಳುತ್ತೆ. ಡಾಕ್ಟರ್ ಹತ್ರ ಹೋಗೋ ಹಂತಕ್ಕೆ ಬಂದಿದೀನಾ ಅಂತ ಗೊತ್ತಾಗ್ಬೇಕು.’ ಇಷ್ಟು ಹೇಳಿದರೆ ಮಾತು ನೇರ ವಿಷಯಕ್ಕೆ ಬರುತ್ತದೆ. ಸಿಗ್ನಲ್ ಎರಡು ಕಡ್ಡಿಯಾದರೂ ಇರುವ ಜಾಗ ನೋಡಿಕೊಳ್ಳಿ. ಅಳುವಿನ ಮಧ್ಯೆ ಕಟ್ಟಾದ ಕರೆಯನ್ನು ಮತ್ತೆ ಹಚ್ಚುವ ಮನಸ್ಸು ಬಹಳ ಜನರಿಗೆ ಬರುವುದಿಲ್ಲ.

ಸರ್ಕಾರಿ ಆಸ್ಪತ್ರೆ

ಮಡಿಕೇರಿಯಲ್ಲಿ 2016ರಲ್ಲಿ ಶುರುವಾದ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಇದರ ಜೊತೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರುವ ಪದ್ಧತಿ ಇದೆ. ಸಭೆಯೋ ರಜೆಯೋ ಬಂದರೆ ದಿನ ತಪ್ಪಬಹುದು, ಬಸ್ ಹತ್ತುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಪಿಎಚ್‌ಕ್ಯೂ-9ರಲ್ಲಿ 10 ಮುಟ್ಟಿದವರಿಗೆ ನಮ್ಮ ಮೊದಲ ಸಲಹೆ ಇದೇ. ಮಾತ್ರೆ ಬೇಕೋ ಬೇಡವೋ ಹೇಳಬಲ್ಲ ವೈದ್ಯರು ಇಲ್ಲಿದ್ದಾರೆ, ಆಸ್ಪತ್ರೆಯಲ್ಲೇ ಸಿಗುವ ಮಾತ್ರೆಗೆ ದುಡ್ಡಿಲ್ಲ, ಮುಂದಿನ ತಿಂಗಳೂ ಹೋಗಿ ತೋರಿಸಬಹುದು. ಓಪಿಡಿಯಲ್ಲಿ ಸಿಗುವ ಸಮಯ ಮಾತ್ರ ಚಿಕ್ಕದು. ಒಂದು ವಾರ ಮಲಗಿದ, ಎದ್ದ ಹೊತ್ತು, ಈಗ ತೆಗೆದುಕೊಳ್ಳುವ ಎಲ್ಲಾ ಮಾತ್ರೆ, ಎಷ್ಟು ಕುಡಿಯುತ್ತೀರಿ ಎಂಬ ನಿಜವಾದ ಲೆಕ್ಕ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಆ ಸಣ್ಣ ಸಮಯವೂ ಸಾಕಾಗುತ್ತದೆ.

ಗುಟ್ಟಿನ ಪ್ರಶ್ನೆಗೆ ಎರಡು ಮುಖ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ನಿಮ್ಮ ಮಾಹಿತಿ ಗೋಪ್ಯ. ನಿಮ್ಮ ಒಪ್ಪಿಗೆ ಇಲ್ಲದೆ ವೈದ್ಯರು ಮೇಲಧಿಕಾರಿಗೆ ಹೇಳುವಂತಿಲ್ಲ. ಆದರೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರಿಗೆ ಆ ಕಾಯ್ದೆ ತಾಗುವುದಿಲ್ಲ! ಮಡಿಕೇರಿಯ ಆಸ್ಪತ್ರೆಯಲ್ಲೇ ಕೆಲಸ ಮಾಡುವವರು ವಿರಾಜಪೇಟೆಯ ಮಂಗಳವಾರವನ್ನೋ ಮೈಸೂರನ್ನೋ ನೋಡುವುದು ಮೇಲು. ಸಹೋದ್ಯೋಗಿ ವೈದ್ಯರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ‘ಸರ್, ಏನಾದ್ರೂ ಬರ್ಕೊಡಿ’ ಅನ್ನುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಚೀಟಿ ಸಿಗುತ್ತದೆ, ಪರೀಕ್ಷೆಯಾಗುವುದಿಲ್ಲ.

ಮೈಸೂರು, ಮಂಗಳೂರಿನ ಥೆರಪಿಸ್ಟ್

ಕಾಡುವ ಘಟನೆಗೂ ಸೌಮ್ಯ, ಮಧ್ಯಮ ಖಿನ್ನತೆಗೂ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಯೋಚನೆ, ನಡವಳಿಕೆಯ ರೂಢಿಯನ್ನು ಬದಲಿಸಲು ಕಲಿಸುವ ಸಿಬಿಟಿ ಎಂಬ ವಿಧಾನದಲ್ಲಿ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ, ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ನಡುವೆ ಮನೆಯಲ್ಲಿ ಮಾಡುವ ಅಭ್ಯಾಸ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಂಗಳೂರು ಇನ್ನೂ ಸ್ವಲ್ಪ ದೂರ, ಮೇಲಾಗಿ ಸಂಪಾಜೆ ಘಾಟಿ ಇಳಿಯಬೇಕು. ವಾರದ ಒಂದೇ ರಜೆಯನ್ನು ಬಸ್ಸಿನಲ್ಲಿ ಕಳೆದು ಬಳಲಿಕೆಗೆ ಚಿಕಿತ್ಸೆ ಪಡೆಯುವುದು ನಗೆಪಾಟಲು. ಮೊದಲ ಒಂದೆರಡು ಭೇಟಿ ಎದುರಾಎದುರು, ಆಮೇಲೆ ವಿಡಿಯೊ, ತಿಂಗಳಿಗೊಮ್ಮೆ ಸಾಧ್ಯವಾದರೆ ಮತ್ತೆ ಮುಖಾಮುಖಿ ಎಂದು ಮಾತಾಡಿಕೊಳ್ಳಿ. ಕುಶಾಲನಗರದ ಕಡೆಯವರಿಗೆ ಮೈಸೂರು ಹತ್ತಿರ, ಅವರು ಬೇಕಾದರೆ ಎರಡು ವಾರಕ್ಕೊಮ್ಮೆ ಹೋಗಿ ಬರಬಹುದು.

ವಿಡಿಯೊಗೆ ಜಾಗ ಎಲ್ಲಿ? ತುಂಬಿದ ಮನೆಯ ಒಳಕೋಣೆಯಲ್ಲಿ ಕೂತು ಅತ್ತೆಯ ಬಗ್ಗೆ ಮಾತಾಡಲಾಗದು. ಸಿಗ್ನಲ್ ಇರುವ ಕಡೆ ನಿಲ್ಲಿಸಿದ ಕಾರು, ಗಾಜು ಏರಿಸಿ, ಇಯರ್‌ಫೋನ್ ಹಾಕಿ ಕೂತರೆ ಅದಕ್ಕಿಂತ ಒಳ್ಳೆಯ ಕೊಠಡಿ ಬೇಡ. ನೆಟ್‌ವರ್ಕ್ ಹೋದರೆ ಮಾಮೂಲಿ ಫೋನ್ ಕರೆಗೆ ಬದಲಾಗುವುದೇ, ಆ ದಿನದ ಫೀಸು ಏನಾಗುತ್ತದೆ ಎಂದು ಮೊದಲೇ ಕೇಳಿಡಿ.

ಆಯ್ಕೆಯಲ್ಲಿ ಎಚ್ಚರ. ಕೌನ್ಸೆಲರ್ ಎಂದು ಬೋರ್ಡು ಹಾಕಿಕೊಂಡವರ ಓದು ಒಬ್ಬೊಬ್ಬರದು ಒಂದೊಂದು ತರ. ವಾರಾಂತ್ಯದ ಕೋರ್ಸ್ ಮುಗಿಸಿ ಕೂತವರೂ ಇದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಸಂಖ್ಯೆ ಕೇಳಿ, ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಬೇರೆಯವರನ್ನು ನೋಡಿ. ಯಾವ ವಿಧಾನ, ಸುಮಾರು ಎಷ್ಟು ಭೇಟಿ ಎಂಬುದನ್ನೂ ಮೊದಲ ದಿನವೇ ಕೇಳಬಹುದು. ನಾಲ್ಕನೆಯ ಭೇಟಿಯಾದರೂ ಗುರಿ ಏನೆಂದು ಇಬ್ಬರಿಗೂ ಸ್ಪಷ್ಟವಾಗದಿದ್ದರೆ ಬಾಯಿಬಿಟ್ಟು ಹೇಳಿ. ‘ಬರೀ ಮಾತು’ ಎಂದು ಮೂರನೆಯ ವಾರ ಹೇಳದೆ ಕೇಳದೆ ನಿಲ್ಲಿಸುವುದು ಇಲ್ಲಿ ಆಗುವ ದೊಡ್ಡ ನಷ್ಟ.

ನಿಮ್ಹಾನ್ಸ್‌ಗೆ ಹೋಗಬೇಕಾ ಎಂದು ಕೇಳುವವರಿದ್ದಾರೆ. ಮಾತ್ರೆ ಬದಲಿಸಿಯೂ ಗುಣ ಕಾಣದವರಿಗೆ, ರೋಗ ಯಾವುದೆಂದೇ ಗೊಂದಲವಿದ್ದವರಿಗೆ ಹೌದು. ಉಳಿದವರಿಗೆ ಅಷ್ಟು ದೂರದ ಪ್ರಯಾಣ ಬೇಕಿಲ್ಲ.

ಮಾತ್ರೆಯ ಬಗ್ಗೆ ಇರುವ ಹೆದರಿಕೆ

ಎಲ್ಲರೂ ಎರಡು ಬಗೆಯ ಮಾತ್ರೆಯನ್ನು ಒಂದೇ ಎಂದುಕೊಳ್ಳುತ್ತಾರೆ. ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್‌ನಂಥ ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಮೊದಲ ಒಂದೆರಡು ವಾರ ವಾಕರಿಕೆ, ತಳಮಳ ಇರಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಅಂದರೆ ತೊಂದರೆ ಮೊದಲು, ಉಪಯೋಗ ಆಮೇಲೆ. ಬಹಳ ಜನ ಹತ್ತನೆಯ ದಿನಕ್ಕೆ ಬಿಡುವುದು ಇದೇ ಕಾರಣಕ್ಕೆ. ಚೆನ್ನಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರುತ್ತದೆ.

ಆತಂಕಕ್ಕೂ ನಿದ್ರೆಗೂ ಕೊಡುವ ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಬೇರೆ ಜಾತಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹಾಯೆನಿಸುತ್ತದೆ, ಅದೇ ಅಪಾಯ. ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಂಡು ಇನ್ನಷ್ಟು ಕೇಳುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಕೈಗೆ ಇವು ಸುಲಭವಾಗಿ ಸಿಗುತ್ತವೆ. ‘ಇವತ್ತೊಂದಿನ’ ಎಂದು ಸ್ಟಾಕಿನಿಂದ ತೆಗೆದ ಸ್ಟ್ರಿಪ್ಪಿನಿಂದ ಶುರುವಾದ ಚಟಗಳು ಕಡಿಮೆ ಇಲ್ಲ. ಆಂಬುಲೆನ್ಸ್ ಓಡಿಸುವವರಂತೂ ಇದನ್ನು ನುಂಗಿ ಘಾಟಿ ಇಳಿಯಲೇಬಾರದು.

ಒಂದು ದಿನದ ಶಿಬಿರವೋ, ತಿಂಗಳ ಗುಂಪೋ

ದುರಂತವಾದ ಮೇಲೆ ಸಿಬ್ಬಂದಿಯನ್ನು ಒಂದೇ ಹಾಲ್‌ನಲ್ಲಿ ಕೂರಿಸಿ, ನೋಡಿದ್ದನ್ನೆಲ್ಲ ಹೇಳಿಸಿ ಕಳಿಸುವ ರೂಢಿ ಇದೆ. ಒಳ್ಳೆಯ ಉದ್ದೇಶವೇ. ಆದರೆ ಇಂಥ ಒಂದೇ ಬಾರಿಯ ಡಿಬ್ರೀಫಿಂಗ್ ಮುಂದೆ ಬರುವ ಆಘಾತದ ಕಾಯಿಲೆಯನ್ನು ತಡೆಯುವುದಿಲ್ಲ, ಕೆಲವರಿಗೆ ಕೆಡಿಸಲೂಬಹುದು ಎಂದು ಅಧ್ಯಯನಗಳಿಂದ ತಿಳಿದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡುವುದಿಲ್ಲ. 2018ರ ಆಗಸ್ಟಿನ ಭೂಕುಸಿತದಂಥ ಹೊತ್ತಿನಲ್ಲಿ ಪರಿಹಾರ ಕೇಂದ್ರದಲ್ಲಿ ದುಡಿಯುವವರ ಸ್ವಂತ ಮನೆಯೂ ಗುಡ್ಡದ ಕೆಳಗೇ ಇರಬಹುದು. ಅವರಿಗೆ ಮೊದಲ ವಾರ ಬೇಕಾದ್ದು ಬಿಸಿ ಊಟ, ಮನೆಗೆ ಫೋನ್ ಮಾಡಲು ಚಾರ್ಜ್ ಇರುವ ಮೊಬೈಲು, ಸರದಿಯ ಮೇಲೆ ನಿದ್ರೆ, ಕೇಳಿದರೆ ಮಾತಾಡಲು ಒಬ್ಬರು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಪ್ರಥಮ ಮಾನಸಿಕ ಚಿಕಿತ್ಸೆಯ ಕೈಪಿಡಿಯ ಸಾರವೂ ಇದೇ: ನೋಡು, ಕೇಳು, ಬೇಕಾದ ಸಹಾಯಕ್ಕೆ ಜೋಡಿಸು.

ದೀರ್ಘಕಾಲಕ್ಕೆ ಫಲ ಕೊಡುವುದು ಸಮಾನರ ಸಣ್ಣ ಗುಂಪು. ಲಂಡನ್ನಿನಲ್ಲಿ 1950ರ ದಶಕದಲ್ಲಿ ಮೈಕಲ್ ಬಾಲಿಂಟ್ ವೈದ್ಯರಿಗಾಗಿ ನಡೆಸಿದ ಗುಂಪುಗಳು ಇದರ ಮೂಲ. ಖರ್ಚು ಹೆಚ್ಚೆಂದರೆ ಕಾಫಿಯದು. ಆರರಿಂದ ಎಂಟು ಜನ, ತಿಂಗಳಿಗೆರಡು ಸಲ, ಒಂದು ಗಂಟೆ, ಬೇಗ ಮುಗಿದರೂ ಎಳೆಯಬಾರದು. ಒಬ್ಬರು ಕಾಡಿದ ಒಂದು ಪ್ರಸಂಗವನ್ನು ಹತ್ತು ನಿಮಿಷ ಹೇಳುತ್ತಾರೆ, ರೋಗಿಯ ಹೆಸರೂ ಊರೂ ಇಲ್ಲದೆ. ಆಮೇಲೆ ಹೇಳಿದವರು ಸುಮ್ಮನಿದ್ದು ಕೇಳಿಸಿಕೊಳ್ಳಬೇಕು. ಉಳಿದವರು ‘ಹೀಗೆ ಮಾಡ್ಬೇಕಿತ್ತು’ ಅನ್ನದೆ, ಆ ಪ್ರಸಂಗದಲ್ಲಿ ರೋಗಿಗೆ ಏನನಿಸಿರಬಹುದು, ಅವರ ಮನೆಯವರಿಗೆ ಏನನಿಸಿರಬಹುದು, ತಮಗೆ ಏನನಿಸಿತು ಎಂದು ಮಾತಾಡುತ್ತಾರೆ. ಕೊನೆಯ ಐದು ನಿಮಿಷ ಹೇಳಿದವರದು.

ಗುಂಪು ಕೆಡುವುದು ಮೂರು ಕಾರಣಕ್ಕೆ. ಮೇಲಧಿಕಾರಿ ಬಂದು ಕೂತರೆ ಎಲ್ಲರೂ ಹಾಜರಿ ಪುಸ್ತಕದ ಭಾಷೆ ಮಾತಾಡುತ್ತಾರೆ. ಡ್ಯೂಟಿ ಚಾರ್ಟಿನ ಜಗಳ ಒಳಬಂದರೆ ಗಂಟೆ ಪೂರ್ತಿ ಅದೇ ತಿನ್ನುತ್ತದೆ, ಅದಕ್ಕೆ ಬೇರೆ ದಿನ ಇಡಿ. ಇನ್ನು ವಾಟ್ಸ್‌ಆ್ಯಪ್ ಗ್ರೂಪ್: ಮಾಡಲೇಬೇಡಿ, ಒಂದು ಸ್ಕ್ರೀನ್‌ಶಾಟ್ ಹೊರಬಿದ್ದರೆ ಗುಂಪು ಅವತ್ತೇ ಸತ್ತಂತೆ. ಒಂದೇ ಆಸ್ಪತ್ರೆಯವರಿಗಿಂತ ಸೋಮವಾರಪೇಟೆಯ ಇಬ್ಬರು, ಪೊನ್ನಂಪೇಟೆಯ ಇಬ್ಬರು, ಮಡಿಕೇರಿಯ ಇಬ್ಬರು ಸೇರಿದ ಗುಂಪು ಹೆಚ್ಚು ಕಾಲ ಬಾಳುತ್ತದೆ. ಎದುರಿಗಿರುವವರು ನಾಳೆ ಬೆಳಿಗ್ಗೆ ನಿಮ್ಮ ಜೊತೆ ರೌಂಡ್ಸ್‌ಗೆ ಬರುವುದಿಲ್ಲ ಎಂಬ ಧೈರ್ಯವೇ ಬಾಯಿ ಬಿಡಿಸುತ್ತದೆ.

ರಜೆ, ಡ್ಯೂಟಿ ಬದಲಾವಣೆ

ಬರೀ ಬರ್ನ್‌ಔಟ್ ಆಗಿದ್ದರೆ ಮೇಲಿನ ಎಲ್ಲಕ್ಕಿಂತ ಮುಂದೆ ನಿಲ್ಲುವುದು ಇದು. ಇಬ್ಬರ ಕೆಲಸ ಒಬ್ಬರ ಮೇಲಿರುವಾಗ ಉಸಿರಾಟದ ಅಭ್ಯಾಸ ಕಲಿಸುವುದು, ಹೆಂಚು ಒಡೆದಿರುವಾಗ ಕೆಳಗೆ ಬಕೆಟ್ ಇಟ್ಟ ಹಾಗೆ.

ಉದ್ದ ರಜೆಗಿಂತ ಡ್ಯೂಟಿ ಬದಲಾವಣೆಯನ್ನು ಮೊದಲು ಕೇಳಿ. ಹದಿನೈದು ದಿನದ ರಜೆ ಮುಗಿಸಿ ಅದೇ ಶಿಫ್ಟಿಗೆ ಮರಳಿದರೆ ಕೆಲವೇ ವಾರಗಳಲ್ಲಿ ಮೊದಲಿನ ಸ್ಥಿತಿಗೇ ಬರುತ್ತೀರಿ. ಅರ್ಜಿಯಲ್ಲಿ ‘ಮಾನಸಿಕ ಒತ್ತಡದಿಂದ’ ಎಂದು ಬರೆಯುವುದಕ್ಕಿಂತ ಅಳೆಯಬಹುದಾದ್ದನ್ನು ಬರೆಯಿರಿ: ಸತತ ನೈಟ್ ಮೂರಕ್ಕಿಂತ ಹೆಚ್ಚು ಬೇಡ, ನೈಟ್ ಮುಗಿದ ಮೇಲೆ ಪೂರ್ತಿ ಎರಡು ದಿನ ಬಿಡುವು ಬೇಕು, ಎರಡು ತಿಂಗಳು ಐಸಿಯು ಬಿಟ್ಟು ಓಪಿಡಿ ಕೊಡಿ. ಹೀಗೆ ಕೇಳಿದ್ದನ್ನು ಸುಮ್ಮನೆ ತಳ್ಳಿಹಾಕುವುದು ಕಷ್ಟ. ವೈದ್ಯಕೀಯ ಪ್ರಮಾಣಪತ್ರ ಪಡೆಯುವಾಗ ಅದರಲ್ಲಿ ಕಾಯಿಲೆಯ ಹೆಸರು ಏನೆಂದು ಬರೆಯುತ್ತಾರೆ ಎಂದು ಮೊದಲೇ ವೈದ್ಯರ ಜೊತೆ ಮಾತಾಡಿಕೊಳ್ಳಿ, ಆ ಕಾಗದ ಕಚೇರಿಯ ಹಲವು ಮೇಜು ದಾಟುತ್ತದೆ. ಗೌರವಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆಯರಿಗೆ ಈ ದಾರಿ ಬಹಳ ಕಿರಿದು. ಅವರಿಗೆ ಫೋನೂ ಗುಂಪೂ ಹೆಚ್ಚು ಕೈಗೆಟುಕುವಂಥವು.

ಮನೆಯಲ್ಲೇ ಮಾಡುವವು

ನಡಿಗೆ ಒಳ್ಳೆಯದು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು. ಜಿಗಣೆ ಕಾಲದಲ್ಲಿ ತೋಟದ ದಾರಿ ಆಗದಿದ್ದರೆ ಕಣದಲ್ಲೋ ಮೆಟ್ಟಿಲ ಮೇಲೋ ಹತ್ತು ಹತ್ತು ನಿಮಿಷ ಮಾಡಿ. ನಾಲ್ಕು ಎಣಿಸಿ ಉಸಿರು ಎಳೆದು ಆರು ಎಣಿಸಿ ಬಿಡುವುದನ್ನು ಐದು ನಿಮಿಷ ಮಾಡಿದರೆ ಎದೆ ಹೊಡೆತ ಇಳಿಯುತ್ತದೆ. ತಕ್ಷಣಕ್ಕೆ ಇದು ಸಾಕು, ಮೂಲಕ್ಕೆ ಕೈ ಹಾಕುವುದಿಲ್ಲ.

ಕಾಫಿ ನಾಡಿನವರಿಗೆ ಹೇಳಲು ಸಂಕೋಚ, ಆದರೂ ಹೇಳಬೇಕು: ಕುಡಿದ ಕೆಫೀನಿನ ಅರ್ಧ ಭಾಗ ಐದಾರು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಬೆಳಿಗ್ಗೆ ಎಂಟಕ್ಕೆ ನೈಟ್ ಮುಗಿಸಿ ಮಲಗುವವರ ಕೊನೆಯ ಲೋಟ ರಾತ್ರಿ ಎರಡರೊಳಗೆ ಆಗಬೇಕು.

ಪೆಗ್ಗಿನ ವಿಷಯವನ್ನು ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಅದಕ್ಕೇ ಯಾರೂ ಲೆಕ್ಕವನ್ನೂ ಇಡುವುದಿಲ್ಲ. ಹಬ್ಬಕ್ಕೆ ನೆಂಟರ ಜೊತೆ ಕುಡಿಯುವುದು ಬೇರೆ, ಡ್ಯೂಟಿಯಿಂದ ಬಂದು ನಿದ್ರೆಗಾಗಿ ಒಬ್ಬರೇ ಕುಡಿಯುವುದು ಬೇರೆ. ಎರಡನೆಯದರಲ್ಲಿ ಬೇಗ ನಿದ್ರೆ ಹತ್ತುತ್ತದೆ, ಮದ್ಯದ ಅಮಲು ಇಳಿದಂತೆ ನಡುರಾತ್ರಿ ಎಚ್ಚರವಾಗಿ ಅದೇ ದೃಶ್ಯ ಮತ್ತೆ ಎದುರು ಬರುತ್ತದೆ. ಖಿನ್ನತೆಯ ಮಾತ್ರೆಯ ಗುಣವನ್ನೂ ಅದು ತಿನ್ನುತ್ತದೆ. ಎರಡು ವಾರ ಕುಡಿತ ಬಿಟ್ಟು ನೋಡಿ. ಬಿಟ್ಟಾಗ ಕೈ ನಡುಗಿದರೆ, ಬೆವರಿದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಆಗ ವೈದ್ಯರ ನಿಗಾ ಬೇಕು.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಜೂನ್ ಮೊದಲ ವಾರದೊಳಗೆ ಒಂದು ಕೆಲಸ ಮಾಡಿಡಬೇಕು. ವೈದ್ಯರನ್ನು ಕೇಳಿ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ಬರೆಸಿಕೊಂಡು, ತೇವ ತಾಗದ ಡಬ್ಬಿಯಲ್ಲಿ ಮನೆಯ ಇನ್ನೊಬ್ಬರ ಕೈಲಿಡಿ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಭೇಟಿಯ ದಿನ ರಸ್ತೆ ಬಂದ್ ಆದರೆ ಫೋನಿನಲ್ಲಿ ಮಾತಾಡಲು ಒಪ್ಪುತ್ತಾರಾ, ಯಾವ ನಂಬರಿಗೆ ಮಾಡಬೇಕು ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ.